ಹೆಸರಿನ ಹೊರೆ ಹೊರುವ ಅಂಕಿ

ಕೆ.ಆರ್. ಪುರದಿಂದ ಮೆಜೆಸ್ಟಿಕ್ ಕಡೆಗೆ ರೈಲಿನಲ್ಲಿ ಹೋಗುವವರು ದಾಟುವ ನಿಲ್ದಾಣಗಳಿಗೆ ರೈಲ್ವೆಯವರ ಲೆಕ್ಕದಲ್ಲಿ ಬೇರೆಯೇ ಹೆಸರುಗಳಿವೆ. ಕೃಷ್ಣರಾಜಪುರ ಅವರಿಗೆ ಕೆಜೆಎಂ. ಬೆಂಗಳೂರು ಪೂರ್ವ ಬಿಎನ್‌ಸಿಇ. 1864ರಲ್ಲಿ ಜೋಲಾರಪೇಟೆ ಕಡೆಯಿಂದ ಹಳಿ ಬಂದು ಮುಟ್ಟಿದ ದಂಡು ನಿಲ್ದಾಣ ಬಿಎನ್‌ಸಿ. ಕೊನೆಯ ದೊಡ್ಡ ನಿಲ್ದಾಣ ಎಸ್‌ಬಿಸಿ. ಈ ಕೊನೆಯದರ ಕಥೆಯೇ ಸ್ವಾರಸ್ಯ. ಒಂದು ಕಾಲಕ್ಕೆ ಅದು 'ಬ್ಯಾಂಗಲೋರ್ ಸಿಟಿ'. 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಬೆಂಗಳೂರು ಎಂದಾಯಿತು. ಬಳಿಕ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂತು. ಬೋರ್ಡು ಬದಲಾಯಿತು, ಪ್ರಕಟಣೆಯ ಧ್ವನಿ ಬದಲಾಯಿತು, ಟಿಕೆಟ್ಟಿನ ಮೇಲಿನ ಹೆಸರೂ ಬದಲಾಯಿತು. ಎಸ್‌ಬಿಸಿ ಮಾತ್ರ ಎಸ್‌ಬಿಸಿಯಾಗಿಯೇ ಉಳಿಯಿತು.

ಅದು ಮರೆವಿನಿಂದ ಉಳಿದದ್ದಲ್ಲ. ವೇಳಾಪಟ್ಟಿ, ಮುಂಗಡ ಕಾಯ್ದಿರಿಸುವಿಕೆ, ಸಿಗ್ನಲ್ಲು, ಸರಕಿನ ಲೆಕ್ಕ, ಹಳೆಯ ದಾಖಲೆ ಎಲ್ಲವೂ ಆ ಮೂರಕ್ಷರಕ್ಕೆ ಗಂಟು ಬಿದ್ದಿವೆ. ಅದನ್ನು ಮುಟ್ಟದೆ ಬಿಟ್ಟದ್ದರಿಂದಲೇ ಹೆಸರನ್ನು ಇಷ್ಟು ಸಲೀಸಾಗಿ ಬದಲಿಸಲು ಆಯಿತು. ಗುರುತು ಹಿಡಿಯುವ ಕೆಲಸ ಸಂಕೇತದ ಪಾಲಾದಾಗ, ಗೌರವ ಸೂಚಿಸುವ, ಇತಿಹಾಸ ನೆನೆಸುವ, ನಮ್ಮ ಭಾಷೆಯಲ್ಲಿ ಕರೆಯುವ ಕೆಲಸಕ್ಕೆ ಹೆಸರು ಬಿಡುವಾಗುತ್ತದೆ. ಜನರನ್ನೂ ಕೃತಿಗಳನ್ನೂ ಸಂಖ್ಯೆಯಿಂದ ಗುರುತಿಸುವುದೆಂದರೆ ಹೆಸರನ್ನು ಅಳಿಸಿದಂತೆ ಎಂಬ ಅಳುಕು ನಮ್ಮ ಸಾಹಿತ್ಯ ವಲಯದಲ್ಲಿದೆ. ನಡೆಯುವುದು ಅದಕ್ಕೆ ತದ್ವಿರುದ್ಧ ಎಂಬುದು ಈ ಅಂಕಣದ ವಾದ.

ಗ್ರಂಥಾಲಯಗಳು ಈ ತೊಂದರೆಯನ್ನು ಗಣಕಯಂತ್ರ ಬರುವ ಎಷ್ಟೋ ಮೊದಲೇ ಕಂಡಿದ್ದವು. ಅದರ ಒಂದು ಪ್ರಸಿದ್ಧ ಪ್ರಸಂಗದ ಅರ್ಧ ನಮ್ಮ ದಂಡಿನಲ್ಲೇ ನಡೆದದ್ದು.

1896ರಲ್ಲಿ ನಾಲ್ಕನೆಯ ಹುಸಾರ್ಸ್ ಅಶ್ವದಳದೊಡನೆ ವಿನ್‌ಸ್ಟನ್ ಚರ್ಚಿಲ್ ಎಂಬ ಇಪ್ಪತ್ತೊಂದರ ಹರೆಯದ ಅಧಿಕಾರಿ ಬೆಂಗಳೂರಿಗೆ ಬಂದ. ಇಬ್ಬರು ಸಹೋದ್ಯೋಗಿಗಳ ಜೊತೆ ದಂಡಿನ ಬಂಗಲೆಯೊಂದರಲ್ಲಿ ವಾಸ. ಬೆಳಿಗ್ಗೆ ಕವಾಯತು, ಸಂಜೆ ಪೋಲೋ, ನಡುವಿನ ಸುಡುಬಿಸಿಲಿನ ಹೊತ್ತಿನಲ್ಲಿ ಗಿಬ್ಬನ್, ಮೆಕಾಲೆಯರ ಓದು. 'ಸವ್ರೋಲ' ಎಂಬ ಅವನ ಏಕೈಕ ಕಾದಂಬರಿಯ ಬಹುಪಾಲು ಆ ದಿನಗಳ ಬರವಣಿಗೆ. 1899ರಲ್ಲಿ ಅದು ಮ್ಯಾಕ್‌ಮಿಲನ್ಸ್ ಮ್ಯಾಗಜೀನಿನಲ್ಲಿ ಧಾರಾವಾಹಿಯಾಗಿ ಬರಲು ತೊಡಗಿತು. ಅದೇ ವರ್ಷ ಅಮೆರಿಕದಲ್ಲಿ 'ರಿಚರ್ಡ್ ಕಾರ್ವೆಲ್' ಎಂಬ ಕಾದಂಬರಿ ಬಿಸಿ ದೋಸೆಯಂತೆ ಖರ್ಚಾಗುತ್ತಿತ್ತು. ಅದರ ಲೇಖಕನ ಹೆಸರೂ ವಿನ್‌ಸ್ಟನ್ ಚರ್ಚಿಲ್! ಸೇಂಟ್ ಲೂಯಿಸಿನಲ್ಲಿ 1871ರಲ್ಲಿ ಹುಟ್ಟಿದವನು; ನಮ್ಮ ದಂಡಿನ ಚರ್ಚಿಲ್‌ಗಿಂತ ಮೂರು ವರ್ಷ ಹಿರಿಯ, ಆ ಹೊತ್ತಿಗೆ ಅವನಿಗಿಂತ ಬಹಳ ಹೆಸರುವಾಸಿ.

1899ರ ಜೂನ್ 7ರಂದು ಇಂಗ್ಲೆಂಡಿನ ಚರ್ಚಿಲ್ ಅಮೆರಿಕದ ಚರ್ಚಿಲ್‌ಗೆ ಪತ್ರ ಬರೆದು, ಓದುಗರಿಗೆ ಗೊಂದಲವಾಗದಂತೆ ಇನ್ನು ಮುಂದೆ ತನ್ನ ಪುಸ್ತಕಗಳಿಗೆ ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್ ಎಂದು ಸಹಿ ಹಾಕುವುದಾಗಿ ತಿಳಿಸಿದ. ನನಗೂ ನಡು ಹೆಸರೊಂದಿದ್ದರೆ ನಾನೇ ಸೇರಿಸಿಕೊಳ್ಳುತ್ತಿದ್ದೆ ಎಂಬರ್ಥದ ಮರುಪತ್ರ ಬಂತು. ಇಂಗ್ಲೆಂಡಿನ ಚರ್ಚಿಲ್ ತನ್ನ ಪತ್ರ ಬರೆಯುವ ಆರು ದಿನ ಮೊದಲು, ಜೂನ್ 1ರಂದು, ಈಗ ಬೆಂಗಳೂರು ಕ್ಲಬ್ ಆಗಿರುವ ಯುನೈಟೆಡ್ ಸರ್ವಿಸಸ್ ಕ್ಲಬ್ಬಿನ ಪುಸ್ತಕದಲ್ಲಿ ವಸೂಲಾಗದ ಬಾಕಿಗಳ ಪಟ್ಟಿ ಬರೆಯಲಾಗಿತ್ತು. ಅದರಲ್ಲಿ ಲೆಫ್ಟಿನೆಂಟ್ ಡಬ್ಲ್ಯು.ಎಲ್.ಎಸ್. ಚರ್ಚಿಲ್ ಎಂಬವರ ಮುಂದೆ ಹದಿಮೂರು ರೂಪಾಯಿ ಇದೆ. ಈ ಬಾಕಿಯ ಕಥೆ ಬೆಂಗಳೂರಿಗರಿಗೆಲ್ಲ ಗೊತ್ತು. ಅದರಲ್ಲಿ ನಮಗಿಲ್ಲಿ ಬೇಕಾದದ್ದು ಹೆಸರಿನ ರೂಪ. ಒಂದೇ ವಾರದಲ್ಲಿ ಒಬ್ಬನೇ ವ್ಯಕ್ತಿ ಕ್ಲಬ್ಬಿನ ಪುಸ್ತಕದಲ್ಲಿ ಒಂದು ಬಗೆ, ತನ್ನ ಪುಸ್ತಕದ ಮೇಲೆ ಇನ್ನೊಂದು ಬಗೆ, ಜನರ ಬಾಯಲ್ಲಿ ಮತ್ತೊಂದು ಬಗೆ.

ಎಸ್ ಅಕ್ಷರ ಸೇರಿಸಿದ್ದರಿಂದ ತೊಂದರೆ ಮುಗಿಯಿತೆ? ಇಲ್ಲ. 1940ರಲ್ಲಿ ಹುಟ್ಟಿದ ಮೊಮ್ಮಗನಿಗೂ ತಾತನ ಹೆಸರನ್ನೇ ಇಟ್ಟರು. ಅವನೂ ಪತ್ರಕರ್ತ, ಸಂಸದ, ಲೇಖಕ. ಅವನ ಪುಸ್ತಕಗಳ ಮೇಲೂ ವಿನ್‌ಸ್ಟನ್ ಎಸ್. ಚರ್ಚಿಲ್ ಎಂದೇ ಇದೆ. ಇನಿಷಿಯಲ್ಲಿನಿಂದ ಕಟ್ಟಿದ ಬೇಲಿ ಎರಡು ತಲೆಮಾರಿಗೆ ಮುರಿದುಬಿತ್ತು. ಗ್ರಂಥಪಾಲಕರು ಹೆಸರಿನ ಮುಂದೆ ಹುಟ್ಟಿದ, ತೀರಿಕೊಂಡ ವರ್ಷ ಸೇರಿಸಿ 1871–1947, 1874–1965, 1940–2010 ಎಂದು ಬೇರ್ಪಡಿಸಿದರು. ಇವತ್ತು ವಿಕಿಡೇಟಾ ಎಂಬ ಸಾರ್ವಜನಿಕ ದತ್ತಕೋಶದಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ಚರ್ಚಿಲ್‌ನ ಸಂಖ್ಯೆ ಕ್ಯೂ8016. ಉಳಿದಿಬ್ಬರಿಗೆ ಬೇರೆ ಬೇರೆ ಸಂಖ್ಯೆಗಳು. ಈಗ ಮೂವರನ್ನೂ ಬರೀ ಚರ್ಚಿಲ್ ಎಂದು ಕರೆದರೂ ಗ್ರಂಥಾಲಯದ ಲೆಕ್ಕ ತಪ್ಪುವುದಿಲ್ಲ.

ಇಂಗ್ಲಿಷರ ಹೆಸರಿಗೇ ಈ ಪಾಡಾದರೆ ನಮ್ಮವರ ಹೆಸರಿನದು ಕೇಳಬೇಕೆ! ಪಶ್ಚಿಮದ ಗ್ರಂಥಸೂಚಿಗಳು ಮೊದಲು ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು ಎಂಬ ಅಚ್ಚಿನಲ್ಲಿ ತಯಾರಾದವು. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಮುಂದಿನ ಅಕ್ಷರಗಳು ಊರನ್ನೋ ಅಪ್ಪನನ್ನೋ ಹೇಳುತ್ತವೆ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಎಸ್.ಆರ್. ರಂಗನಾಥನ್ ಅವರ ಮೊದಲ ಇನಿಷಿಯಲ್ ಶಿಯ್ಯಾಳಿ ಎಂಬ ಊರು, ಎರಡನೆಯದು ತಂದೆ ರಾಮಾಮೃತ. 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ ಅವರು, ಭಾರತೀಯ ಹೆಸರುಗಳನ್ನು ಸೂಚಿಯಲ್ಲಿ ಹೇಗೆ ನಮೂದಿಸಬೇಕು ಎಂಬುದಕ್ಕೆ ನಿಯಮಗಳನ್ನೇ ಬರೆಯಬೇಕಾಯಿತು.

ಕಾವ್ಯನಾಮದ ಸಂಗತಿ ಇನ್ನೂ ಜಟಿಲ. ಕುವೆಂಪು, ಕೆ.ವಿ. ಪುಟ್ಟಪ್ಪ, ಮೊದಮೊದಲು ಕಿಶೋರ ಚಂದ್ರವಾಣಿ, ಮೂವರೂ ಒಬ್ಬರೇ. ಶ್ರೀರಂಗ ಎಂದರೆ ಆದ್ಯ ರಂಗಾಚಾರ್ಯ. ತ್ರಿವೇಣಿ ಎಂದರೆ ಅನಸೂಯಾ ಶಂಕರ್. ಕುಳಕುಂದ ಶಿವರಾವ್ ನಿರಂಜನ ಎಂದು ಹೆಸರಿಟ್ಟುಕೊಂಡು ಕಯ್ಯೂರಿನ ರೈತ ಹೋರಾಟದ ಮೇಲೆ 'ಚಿರಸ್ಮರಣೆ' ಬರೆದರು. ಮುಂದೆ ಆ ಕಾವ್ಯನಾಮವೇ ಮನೆತನದ ಹೆಸರಾಯಿತು: ಪತ್ನಿ ಅನುಪಮಾ ನಿರಂಜನ, ಮಗಳು ತೇಜಸ್ವಿನಿ ನಿರಂಜನ. ವಿದೇಶಿ ಸೂಚಿಯಲ್ಲಿ ಎನ್ ಅಕ್ಷರದ ಕೆಳಗೆ ನಿರಂಜನ ಎಂದು ಹುಡುಕಿದವರಿಗೆ ಕನ್ನಡದ ಕಾದಂಬರಿಕಾರ, ವೈದ್ಯೆ-ಲೇಖಕಿ, ಅನುವಾದ ಸಿದ್ಧಾಂತದ ಚಿಂತಕಿ ಎಲ್ಲರೂ ಒಟ್ಟಿಗೆ ಸಿಗುತ್ತಾರೆ. ಸಿನಿಮಾಕ್ಕೆ ಬಂದರೆ ನಮ್ಮ ಅಣ್ಣಾವ್ರಿಗೂ ಹಿಂದಿಯ ರಾಜ್‌ಕುಮಾರ್‌ಗೂ ದತ್ತಕೋಶಗಳಲ್ಲಿ ಆಗಾಗ ಗಂಟು ಬೀಳುವುದು ಯಾರಿಗೆ ಗೊತ್ತಿಲ್ಲ?

ಚರ್ಚಿಲ್‌ಗಳದು ಒಂದೇ ಹೆಸರಿನ ಹಲವರ ಸಮಸ್ಯೆ. ಇದಕ್ಕಿಂತ ನಾಜೂಕಾದದ್ದು, ಒಬ್ಬರೇ ಇಬ್ಬರಂತೆ ಕಾಣುವ ಸಮಸ್ಯೆ. ಅದಕ್ಕೆ ಕೆ.ಆರ್. ಪುರದಿಂದ ಇನ್ನಷ್ಟು ಪೂರ್ವಕ್ಕೆ, ವೈಟ್‌ಫೀಲ್ಡಿನ ಕಾಡುಗೋಡಿಯತ್ತ ಹೋಗಬೇಕು. ಅಲ್ಲಿನ ಬೃಂದಾವನ ಆಶ್ರಮಕ್ಕೆ ಬರುವ ಸತ್ಯಸಾಯಿ ಭಕ್ತರ ಕೈಯಲ್ಲಿ 'ಸತ್ಯಂ ಶಿವಂ ಸುಂದರಂ' ಎಂಬ ಇಂಗ್ಲಿಷ್ ಜೀವನಚರಿತ್ರೆ ಇರುತ್ತದೆ. ಲೇಖಕರು ಎನ್. ಕಸ್ತೂರಿ. ದೇಶವಿದೇಶಗಳ ಭಕ್ತರಿಗೆ ಅವರು ಬಾಬಾ ಅವರ ಚರಿತ್ರಕಾರ, 'ಸನಾತನ ಸಾರಥಿ' ಪತ್ರಿಕೆಯ ಸಂಪಾದಕ. ಹಳೆಯ ತಲೆಮಾರಿನ ಕನ್ನಡ ಓದುಗರನ್ನು ಕೇಳಿ ನೋಡಿ, ಅವರಿಗೆ ಗೊತ್ತಿರುವುದು ನಾ. ಕಸ್ತೂರಿ. ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದವರು, ಪದಗಳನ್ನು ತಲೆಕೆಳಗು ಮಾಡಿ ನಗಿಸಿದ 'ಅನರ್ಥಕೋಶ'ದ ಕರ್ತೃ, ಹಾಸ್ಯ ಸಾಹಿತ್ಯದ ದೊಡ್ಡ ಹೆಸರು. ಇಬ್ಬರೂ ಒಬ್ಬರೇ. ಹುಟ್ಟಿದ್ದು ಕೇರಳದಲ್ಲಿ, 1897ರಲ್ಲಿ, ತೀರಿಕೊಂಡದ್ದು 1987ರಲ್ಲಿ. ಎರಡು ಓದುಗ ಬಳಗಗಳು ಒಂದನ್ನೊಂದು ಅರಿಯವು.

ದತ್ತಕೋಶವೊಂದರ ಮುಂದೆ ಈ ಎರಡು ದಾಖಲೆ ಬಂದಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ವಿಯಾಫ್ ಎಂಬ ಅಂತಾರಾಷ್ಟ್ರೀಯ ಕೋಶವಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಜರ್ಮನಿಯ ರಾಷ್ಟ್ರೀಯ ಗ್ರಂಥಾಲಯ ಮೊದಲಾದವು ಸೇರಿ ಆರಂಭಿಸಿದ್ದು. ಬೇರೆ ಬೇರೆ ದೇಶದ ಗ್ರಂಥಾಲಯಗಳು ತಮ್ಮ ತಮ್ಮ ಲೇಖಕರ ಪಟ್ಟಿಯನ್ನು ಅದಕ್ಕೆ ಕೊಡುತ್ತವೆ. ಯಂತ್ರ ಅವನ್ನು ಹೋಲಿಸಿ ಒಬ್ಬರೇ ಎನಿಸಿದವರನ್ನು ಒಂದು ಗುಂಪಿಗೆ ಹಾಕಿ, ಗುಂಪಿಗೊಂದು ಸಂಖ್ಯೆ ಕೊಡುತ್ತದೆ. ಹೋಲಿಸುವಾಗ ಅದು ನೋಡುವುದು ಹೆಸರು, ಜನನ ಮರಣದ ವರ್ಷ, ಪುಸ್ತಕದ ಶೀರ್ಷಿಕೆ, ಭಾಷೆ, ಸಹಲೇಖಕರು. ಕಸ್ತೂರಿಯವರ ವಿಷಯದಲ್ಲಿ ಹೆಸರು ಸರಿಹೊಂದೀತು. ಆದರೆ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಒಂದು ಕಡೆ ಹಾಸ್ಯ, ಇನ್ನೊಂದು ಕಡೆ ಭಕ್ತಿ. ಪ್ರಕಾಶಕರು ಬೇರೆ, ಓದುಗರು ಬೇರೆ, ಒಂದು ಶೀರ್ಷಿಕೆಯೂ ಎರಡು ಕಡೆ ಇಲ್ಲ. ಹುಟ್ಟಿದ ವರ್ಷವನ್ನು ಎರಡೂ ಕಡೆ ಯಾರಾದರೂ ಬರೆದಿದ್ದರೆ ಸುಳಿವು ಸಿಕ್ಕೀತು. ಇಲ್ಲದಿದ್ದರೆ ಯಂತ್ರ ಇಬ್ಬರೆಂದೇ ತೀರ್ಮಾನಿಸುತ್ತದೆ. ಸ್ವಲ್ಪ ಸಡಿಲ ಬಿಟ್ಟರೆ ಎದುರು ದಿಕ್ಕಿನ ತಪ್ಪು: ಹಿಂದೂ ಪತ್ರಿಕೆಯ ಸಂಪಾದಕರಾಗಿದ್ದ ಜಿ. ಕಸ್ತೂರಿಯವರನ್ನೂ ತಂದು ಇದೇ ಗುಂಪಿಗೆ ಸೇರಿಸಿಬಿಡಬಹುದು.

ಆಗ ಮನುಷ್ಯರೊಬ್ಬರು ಬೇಕು. ಮುನ್ನುಡಿ ಓದಿ, ಜೀವನ ವಿವರ ತಾಳೆ ನೋಡಿ, ಹೌದು, ಈ ಹಾಸ್ಯಗಾರರೇ ಆ ಚರಿತ್ರಕಾರರು ಎಂದು ಹೇಳುವವರು. ವಿಕಿಡೇಟಾದಲ್ಲಿ ಈ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು, ಆಧಾರ ಕೊಡಬೇಕು ಅಷ್ಟೇ. ಎರಡು ಸಂಖ್ಯೆಗಳನ್ನು ಬೆಸೆದಾಗ ಒಂದು ಉಳಿಯುತ್ತದೆ; ಇನ್ನೊಂದನ್ನು ಅಳಿಸುವುದಿಲ್ಲ, ಬೇರೆಯವರಿಗೆ ಕೊಡುವುದೂ ಇಲ್ಲ. ಹಳೆಯ ಸಂಖ್ಯೆ ಹಿಡಿದು ಬಂದವರನ್ನು ಹೊಸದರ ಕಡೆ ಕಳಿಸುತ್ತದೆ. ಈ ನಿಯಮ ಸಣ್ಣದಾಗಿ ಕಾಣಬಹುದು. ಆದರೆ ಸಂಖ್ಯೆಯನ್ನು ನಂಬಿ ಬೇರೆ ನೂರು ಕಡೆ ಬರೆದಿಟ್ಟವರ ಬರಹ ಹಾಳಾಗದೆ ಉಳಿಯುವುದು ಇದರಿಂದಲೇ.

2012ರ ಅಕ್ಟೋಬರಿನಲ್ಲಿ ಆರಂಭವಾದ ವಿಕಿಡೇಟಾದ ಇನ್ನೊಂದು ಚಂದ, ಅದರಲ್ಲಿ ಸಂಖ್ಯೆಗೆ ಭಾಷೆಯಿಲ್ಲ. ಬೆಂಗಳೂರು ಅಲ್ಲಿ ಕ್ಯೂ1355. ಕನ್ನಡ ಭಾಷೆ ಕ್ಯೂ33673. ಲೇಖಕರೊಬ್ಬರ ಪುಟದಲ್ಲಿ ಬರವಣಿಗೆಯ ಭಾಷೆ ಎಂಬಲ್ಲಿ ಕ್ಯೂ33673 ಎಂದು ಜೋಡಿಸಿದರೆ, ಕನ್ನಡದಲ್ಲಿ ಓದುವವರಿಗೆ ಅದು ಕನ್ನಡ ಎಂದು ಕಾಣುತ್ತದೆ, ತಮಿಳಿನಲ್ಲಿ ಓದುವವರಿಗೆ ತಮಿಳಿನಲ್ಲಿ, ಉರ್ದುವಿನಲ್ಲಿ ಓದುವವರಿಗೆ ಉರ್ದುವಿನಲ್ಲಿ. ಶಿವಾಜಿನಗರದ ಒಂದೇ ಬೀದಿಯಲ್ಲಿ ನಾಲ್ಕು ಲಿಪಿಯ ಬೋರ್ಡು ನೋಡುವವರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಹಲಸೂರು, ಅಲಸೂರು, ಅಲ್ಸೂರ್ ಎಂಬ ಜಗಳಕ್ಕೆ ದತ್ತಕೋಶದಲ್ಲಿ ಜಾಗವಿಲ್ಲ. ಎಲ್ಲ ರೂಪಗಳೂ ಒಂದೇ ಸಂಖ್ಯೆಯ ಕೆಳಗೆ ಕೂರುತ್ತವೆ, ಯಾವುದನ್ನು ಟೈಪಿಸಿದರೂ ಆ ಕೆರೆ, ಆ ಸೋಮೇಶ್ವರ ದೇವಸ್ಥಾನ ಸಿಗುತ್ತದೆ.

ಜನರನ್ನು ಬಿಟ್ಟು ಕೃತಿಗೆ ಬರೋಣ. ಪುಸ್ತಕಕ್ಕೆ ಐಎಸ್‌ಬಿಎನ್ ಇದೆಯಲ್ಲ, ಇನ್ನೇನು ಬೇಕು ಎನ್ನುವವರುಂಟು. ಐಎಸ್‌ಬಿಎನ್ 1970ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು, 2007ರಿಂದ ಹದಿಮೂರು ಅಂಕಿಯದಾಯಿತು. ಭಾರತದ ಪಾಲಿಗೆ 81 ಮತ್ತು 93. ನಮ್ಮಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ದೆಹಲಿಯ ಸಂಸ್ಥೆ ಹಣ ಪಡೆಯದೆ ಕೊಡುತ್ತದೆ. ಕೊನೆಯ ಅಂಕಿ ತಪಾಸಣೆಗೆಂದೇ ಇರುವುದು: ಅಂಕಿಗಳನ್ನು ಒಂದರಿಂದ, ಮೂರರಿಂದ, ಮತ್ತೆ ಒಂದರಿಂದ, ಮೂರರಿಂದ ಹೀಗೆ ಸರದಿಯಂತೆ ಗುಣಿಸಿ ಕೂಡಿದರೆ ಮೊತ್ತ ಸೊನ್ನೆಯಲ್ಲಿ ಮುಗಿಯಬೇಕು. ಅಂಗಡಿಯವರು ಒಂದಂಕಿ ತಪ್ಪಾಗಿ ಒತ್ತಿದರೆ ಯಂತ್ರ ಅಲ್ಲೇ ಹಿಡಿಯುತ್ತದೆ. ಜಾಣ ಉಪಾಯ. ಆದರೆ ಐಎಸ್‌ಬಿಎನ್ ಗುರುತಿಸುವುದು ಮಾರಾಟಕ್ಕೆ ಬಂದ ಒಂದು ಆವೃತ್ತಿಯನ್ನು. ಕೃತಿಯನ್ನು ಅಲ್ಲ.

ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನು ತೆಗೆದುಕೊಳ್ಳಿ. ಕಾದಂಬರಿ ಬಂದದ್ದು 1965ರಲ್ಲಿ. ಆಗ ಐಎಸ್‌ಬಿಎನ್ ಎಂಬುದೇ ಇರಲಿಲ್ಲ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಅದನ್ನು ಸಿನಿಮಾ ಮಾಡಿದರು. 1976ರಲ್ಲಿ ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಬಂತು. ಮುದ್ರಣಗಳಂತೂ ಲೆಕ್ಕಕ್ಕೆ ಸಿಗದಷ್ಟು. 'ಸಂಸ್ಕಾರ' ಬೇಕು ಎಂದು ಕೇಳಿದವರಿಗೆ ಇವುಗಳಲ್ಲಿ ಯಾವುದು ಬೇಕು? ಗ್ರಂಥಾಲಯಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಇಫ್ಲಾ 1998ರಲ್ಲಿ ಇದಕ್ಕೊಂದು ಮೆಟ್ಟಿಲುಕ್ರಮ ಹಾಕಿಕೊಟ್ಟಿತು. ಮೇಲೆ ಕೃತಿ: ಅನಂತಮೂರ್ತಿ ಕಲ್ಪಿಸಿದ ಪ್ರಾಣೇಶಾಚಾರ್ಯರ ಕಥೆ. ಅದರ ಕೆಳಗೆ ಅಭಿವ್ಯಕ್ತಿ: ಕನ್ನಡ ಪಠ್ಯ ಒಂದು, ರಾಮಾನುಜನ್ ಪಠ್ಯ ಇನ್ನೊಂದು. ಅದರ ಕೆಳಗೆ ಅಚ್ಚಾಗಿ ಬಂದ ಆವೃತ್ತಿ, ಐಎಸ್‌ಬಿಎನ್ ಅಂಟುವುದು ಇಲ್ಲಿಗೆ. ಕಟ್ಟಕಡೆಗೆ ಕೈಯಲ್ಲಿ ಹಿಡಿಯುವ ಪ್ರತಿ. ಇಂದಿರಾನಗರದ ಸಾರ್ವಜನಿಕ ಗ್ರಂಥಾಲಯದ ಪುಸ್ತಕದೊಳಗೆ ಮೊಹರು ಒತ್ತಿ ಬರೆದ ಪರಿಗ್ರಹಣ ಸಂಖ್ಯೆ ಆ ಒಂದೇ ಒಂದು ಪ್ರತಿಯದು. ಸಿನಿಮಾ ಬೇರೆಯದೇ ಕೃತಿ, ಕಾದಂಬರಿಯನ್ನು ಆಧರಿಸಿದ್ದು ಎಂಬ ಕೊಂಡಿ ಮಾತ್ರ. ಯಾವ ಮೆಟ್ಟಿಲಿಗೆ ಯಾವ ಸಂಖ್ಯೆ ಎಂಬುದು ಸ್ಪಷ್ಟವಿದ್ದರೆ ಓದುಗರಿಗೆ ಬೇಕಾದದ್ದು ಸಿಗುತ್ತದೆ. ಕಲಸಿದರೆ ಅನುವಾದಕರ ಶ್ರಮ ಮೂಲ ಲೇಖಕರ ಲೆಕ್ಕಕ್ಕೆ ಹೋಗುತ್ತದೆ, ಅಥವಾ ಒಂದೇ ಕಾದಂಬರಿ ಇಪ್ಪತ್ತು ಕಾದಂಬರಿಯಾಗಿ ಕಾಣುತ್ತದೆ.

ಐಎಸ್‌ಬಿಎನ್ ಇಲ್ಲದ ಹಳೆಯ ಪುಸ್ತಕಗಳ ಗತಿ? ಭಾರತದ ಡಿಜಿಟಲ್ ಲೈಬ್ರರಿ ಯೋಜನೆಗೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಮುಖ್ಯ ನೆಲೆಯಾಗಿತ್ತು. ಅಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಲಿಪಿಯಲ್ಲಿ, ಬೆರಳಚ್ಚಿಸಿದವರ ಕೈಗೆ ಬಂದಂತೆ ದಾಖಲಿಸಲಾಗಿತ್ತು. ದೀರ್ಘಕ್ಕೆ ಒಮ್ಮೆ ಎರಡು ಎ, ಒಮ್ಮೆ ಒಂದೇ ಎ. ಕನ್ನಡದಲ್ಲಿ ಹುಡುಕಿದರೆ ಏನೂ ಸಿಗದು. ಆದರೆ ಪ್ರತಿ ಪುಸ್ತಕಕ್ಕೂ ಒಂದು ಸಂಖ್ಯೆಯಿತ್ತು. ಆ ಕಡತಗಳು ಇಂಟರ್ನೆಟ್ ಆರ್ಕೈವಿಗೆ ಹೋದ ಮೇಲೂ ಪ್ರತಿಯೊಂದಕ್ಕೂ ತನ್ನದೇ ಗುರುತು ಉಳಿಯಿತು. ಹಾಗಾಗಿ ಸಂಚಯದಂಥ ಕನ್ನಡ ಬಳಗಗಳು ಆಮೇಲೆ ಕೂತು, ಕಡತಕ್ಕೆ ಕೈಹಚ್ಚದೆ, ಕನ್ನಡ ಲಿಪಿಯ ಶೀರ್ಷಿಕೆಗಳನ್ನು ಜೋಡಿಸಿ ಪುಸ್ತಕ ಸಂಚಯದಂಥ ಹುಡುಕುತಾಣ ಕಟ್ಟಲು ಆಯಿತು. ಹೆಸರು ಕೆಟ್ಟಿದ್ದರೂ ಸಂಖ್ಯೆ ಗಟ್ಟಿಯಿದ್ದರೆ ಹೆಸರನ್ನು ಎಂದಾದರೂ ಸರಿಪಡಿಸಬಹುದು.

ಸಂಖ್ಯೆ ಕೊಡುವುದರಲ್ಲಿ ಕರ್ನಾಟಕ ಹಿಂದೆಬಿದ್ದ ನಾಡೇನಲ್ಲ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ 1886ರಿಂದ ಹೊರತರಲು ತೊಡಗಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. ಅವಕ್ಕೆ ಅವರು ಕೊಟ್ಟ ಗುರುತು ಬಲು ಸರಳ: ಸಂಪುಟ, ತಾಲ್ಲೂಕು, ತಾಲ್ಲೂಕಿನೊಳಗಿನ ಕ್ರಮಸಂಖ್ಯೆ. ಬೆಂಗಳೂರು ಜಿಲ್ಲೆಯದು ಒಂಬತ್ತನೆಯ ಸಂಪುಟ, 1905ರದು. ಇಂದಿರಾನಗರದ ಪಕ್ಕದ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯ ತಮಿಳು ಶಾಸನಗಳು ನಮಗೆ ತಿಳಿದದ್ದು ಹೀಗೆ. ಅವುಗಳಲ್ಲಿ ಆ ಊರು ತೊಂಬಲೂರು, ದೇಶಿಮಾಣಿಕ್ಕಪಟ್ಟಣ. ಕಾಲ ಹೊಯ್ಸಳ ರಾಮನಾಥನದು. ಗುಡಿಯ ಬಾಗಿಲುವಾಡಕ್ಕೆ ಎರಡು ಕಂಬ ಕೊಟ್ಟವನೊಬ್ಬನ ಹೆಸರೂ ಅಲ್ಲಿದೆ. ನೂರು ವರ್ಷದಿಂದ ಕನ್ನಡ ಸಂಶೋಧಕರು ಶಾಸನವನ್ನು ಉಲ್ಲೇಖಿಸುವಾಗ ಕಲ್ಲಿನ ವರ್ಣನೆ ಬರೆಯುವುದಿಲ್ಲ, ಎ.ಕ. ಇಂತಿಷ್ಟು, ತಾಲ್ಲೂಕು ಇಂಥದು, ಸಂಖ್ಯೆ ಇಷ್ಟು ಎಂದು ಬರೆದು ಮುಂದೆ ಹೋಗುತ್ತಾರೆ. ಓದುಗರು ಸಂಪುಟ ತೆಗೆದು ನೇರ ಆ ಕಲ್ಲಿಗೆ ಹೋಗಬಹುದು.

ಇದರಲ್ಲೇ ಎರಡು ಎಚ್ಚರಿಕೆಗಳೂ ಇವೆ. ಒಂದು, ಅರ್ಥ ತುಂಬಿದ ಗುರುತು ಬೇಗ ಹಳತಾಗುತ್ತದೆ. ರೈಸ್ ಕಾಲದ ಬೆಂಗಳೂರು ತಾಲ್ಲೂಕು ಒಡೆದು, ಕೆ.ಆರ್. ಪುರ ಈಗ ಬೆಂಗಳೂರು ಪೂರ್ವ ತಾಲ್ಲೂಕಿನ ಕೇಂದ್ರ. ಆದರೆ ಆ ಭಾಗದ ಕಲ್ಲುಗಳ ಗುರುತಿನಲ್ಲಿ ಹಳೆಯ ತಾಲ್ಲೂಕೇ ಕೂತಿದೆ. ವಾರ್ಡು, ಬೀದಿ, ಆಸ್ತಿ ಎಂದು ಮೂರು ಭಾಗ ಮಾಡಿ ಪಾಲಿಕೆ ಕೊಟ್ಟಿದ್ದ ಪಿಐಡಿ ಸಂಖ್ಯೆಯ ಪಾಡೂ ಇದೇ. ವಾರ್ಡಿನ ಗಡಿ ಬದಲಾದಾಗಲೆಲ್ಲ ಮನೆಯ ಗುರುತು ಸುಳ್ಳು ಹೇಳತೊಡಗುತ್ತದೆ. ಅದಕ್ಕೇ ಹೊಸ ಕಾಲದ ದತ್ತಕೋಶಗಳು ಏನನ್ನೂ ಹೇಳದ ಮೂಕ ಸಂಖ್ಯೆಯನ್ನು ಬಯಸುತ್ತವೆ. ಎಸ್‌ಬಿಸಿಯ ಮೂರಕ್ಷರಕ್ಕೆ ಏನರ್ಥ ಎಂದು ಪ್ರಯಾಣಿಕರು ಕೇಳುವುದಿಲ್ಲ. ಅದು ಬಾಳಿದ್ದಕ್ಕೆ ಒಂದು ಕಾರಣ ಅದೇ.

ಎರಡು, ಒಮ್ಮೆ ಕೊಟ್ಟ ಸಂಖ್ಯೆಯನ್ನು ಬದಲಿಸಬಾರದು. ಶ್ರವಣಬೆಳಗೊಳದ ಸಂಪುಟವನ್ನು ರೈಸ್ 1889ರಲ್ಲಿ ತಂದಾಗ ಶಾಸನಗಳು 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500. ಮೈಸೂರು ವಿಶ್ವವಿದ್ಯಾನಿಲಯ 1973ರಲ್ಲಿ ಮತ್ತೆ ತಂದಾಗ 573. ಪ್ರತಿ ಸಲವೂ ಕ್ರಮಸಂಖ್ಯೆ ಹೊಸದು. ಹಾಗಾಗಿ ಒಂದೇ ಬಂಡೆಯ ಬರಹಕ್ಕೆ ಮೂರು ನಂಬರು. ಹಳೆಯ ಲೇಖನ ಓದುವವರು ಯಾವ ಆವೃತ್ತಿಯ ಸಂಖ್ಯೆ ಎಂದು ಮೊದಲು ಪತ್ತೆ ಮಾಡಬೇಕು, ಪಕ್ಕದಲ್ಲಿ ಹೋಲಿಕೆ ಪಟ್ಟಿ ಇಟ್ಟುಕೊಳ್ಳಬೇಕು. ಇದೇ ನರಸಿಂಹಾಚಾರ್ಯರು 1907, 1919, 1929ರಲ್ಲಿ ಮೂರು ಸಂಪುಟಗಳಾಗಿ 'ಕರ್ಣಾಟಕ ಕವಿಚರಿತೆ' ಬರೆದವರು. ಯಾವ ಕವಿ ಯಾರು, ಯಾವ ಕಾಲದವನು, ಯಾವ ಕೃತಿ ಯಾರದು ಎಂದು ಹಸ್ತಪ್ರತಿಗಳ ರಾಶಿಯಲ್ಲಿ ಕೂತು ಬಿಡಿಸಿದ ಆ ಕೆಲಸ, ಇಂದಿನ ಲೇಖಕ ದತ್ತಕೋಶಗಳು ಮಾಡುವುದರ ತಿರುಳೇ. ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬನೋ ಇಬ್ಬರೋ ಎಂದು ನಮ್ಮ ವಿದ್ವಾಂಸರು ದಶಕಗಟ್ಟಲೆ ಜಗಳವಾಡಿದ್ದು ಕೂಡ, ಗಣಕದ ಭಾಷೆಯಲ್ಲಿ ಹೇಳುವುದಾದರೆ, ಎರಡು ದಾಖಲೆ ಬೆಸೆಯಬೇಕೋ ಬೇಡವೋ ಎಂಬ ಜಗಳ. ಸಂಖ್ಯೆ ಕೊಡಲು ಒಂದು ಕ್ಷಣ ಸಾಕು. ಯಾರಿಗೆ ಕೊಡುತ್ತಿದ್ದೇವೆ ಎಂದು ತೀರ್ಮಾನಿಸಲು ವಿದ್ವತ್ತು ಬೇಕು.

ಇಷ್ಟು ಹೊತ್ತಿಗೆ ಓದುಗರ ಮನಸ್ಸಿನಲ್ಲಿ ಆಧಾರ್ ಬಂದು ನಿಂತಿರುತ್ತದೆ. ಸಹಜ. ಅದೂ ಏನನ್ನೂ ಹೇಳದ ಹನ್ನೆರಡು ಅಂಕಿ, ಅದಕ್ಕೂ ತಪಾಸಣಾ ಅಂಕಿಯಿದೆ. ಅದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಬೆಂಗಳೂರಿನವರೇ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು ಅವರ ಹೆಸರಿನ ಪ್ರಕರಣದಲ್ಲಿ. ಲೇಖಕರ ಸಂಖ್ಯೆಗೂ ಆ ತೀರ್ಪು ಹಾಕಿದ ಗೆರೆ ಅನ್ವಯಿಸಬೇಕು. ಪುಸ್ತಕ ಪ್ರಕಟಿಸಿದವರು ತಾವಾಗಿಯೇ ಸಾರ್ವಜನಿಕರಾಗಿ ನಿಂತವರು. ಅವರ ಹೆಸರು, ಕೃತಿ, ಹುಟ್ಟಿದ ವರ್ಷ ಕೋಶದಲ್ಲಿರುವುದು ತಪ್ಪಲ್ಲ. ಮನೆ ವಿಳಾಸ, ಫೋನು, ಜಾತಿ, ಕಾಯಿಲೆ ಅಲ್ಲಿ ಬೇಕಿಲ್ಲ. ಕಾವ್ಯನಾಮದ ಹಿಂದೆ ಮರೆಯಾಗಿ ಉಳಿಯಬಯಸುವ ಲೇಖಕಿಯ ನಿಜ ಹೆಸರನ್ನು ಜೋಡಿಸುವ ಹಕ್ಕು ಬೆಸೆಯುವವರಿಗಿಲ್ಲ. ಸಂಶೋಧಕರಿಗೆಂದು 2012ರಿಂದ ಇರುವ ಹದಿನಾರು ಅಂಕಿಯ ಆರ್ಕಿಡ್ ಈ ವಿಷಯದಲ್ಲಿ ಒಳ್ಳೆಯ ಮಾದರಿ: ಸಂಖ್ಯೆಯನ್ನು ಸಂಶೋಧಕರೇ ಪಡೆಯುತ್ತಾರೆ, ಏನು ಕಾಣಬೇಕೆಂದು ಅವರೇ ಹೇಳುತ್ತಾರೆ.

ಈ ಕೆಲಸವನ್ನು ನಾವು ಮಾಡದಿದ್ದರೆ ಬೇರೆ ಯಾರಾದರೂ ಮಾಡುತ್ತಾರೆ, ಅಥವಾ ಯಾರೂ ಮಾಡುವುದಿಲ್ಲ. ಬೇರೆಯವರು ಮಾಡಿದಾಗ ರೋಮನ್ ಲಿಪಿಯ ಹೆಸರೇ ಮೂಲವಾಗುತ್ತದೆ, ಒಂದೇ ಇನಿಷಿಯಲ್ಲಿನ ಇಬ್ಬರು ಕವಿಗಳು ಒಬ್ಬರಾಗುತ್ತಾರೆ. ಯಾರೂ ಮಾಡದಿದ್ದಾಗ ನಾಳೆಯ ಓದುಗರ ಪಾಲಿಗೆ ಆ ಲೇಖಕರು ಇರುವುದೇ ಇಲ್ಲ. ಮಾಡಲು ಮಹಾಯೋಜನೆಯೇನೂ ಬೇಕಿಲ್ಲ. ವರ್ಷಗಳ ಕಾಲ ದೊಮ್ಮಲೂರಿನಿಂದ ಕೆಲಸ ಮಾಡಿದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ, ನಿರಂಜನರ ಕುಟುಂಬದವರೊಡನೆ ಸೇರಿ 2014ರಲ್ಲಿ ಅವರ ಕೃತಿಗಳನ್ನು ಮುಕ್ತ ಪರವಾನಗಿಗೆ ತಂದದ್ದುಂಟು. ಕನ್ನಡ ವಿಕಿಪೀಡಿಯ, ವಿಕಿಸೋರ್ಸಿನ ಸ್ವಯಂಸೇವಕರು ದಿನಾ ಒಂದಿಷ್ಟು ದಾಖಲೆಗಳನ್ನು ತಿದ್ದುತ್ತಿದ್ದಾರೆ. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಕಲ್ಲು ಎಲ್ಲಿದೆ ಎಂಬುದನ್ನೂ ದಾಖಲಿಸುತ್ತಿದ್ದಾರೆ.

ಪ್ರಕಾಶಕರು ಮಾಡಬೇಕಾದದ್ದು ಇನ್ನೂ ಸುಲಭ. ಯಾವುದಾದರೂ ಕನ್ನಡ ಪುಸ್ತಕದ ಶೀರ್ಷಿಕೆ ಪುಟದ ಹಿಂಬದಿ ತೆರೆದು ನೋಡಿ. ಅಲ್ಲಿ ಇಂಗ್ಲಿಷಿನಲ್ಲಿ ಎರಡು ಮೂರು ಸಾಲು ಇರುತ್ತದೆ: ಪುಸ್ತಕದ ಹೆಸರು, ಅದು ಕಾದಂಬರಿಯೋ ಕವನವೋ, ಲೇಖಕರ ಹೆಸರು ಅಚ್ಚುಮನೆಯವರಿಗೆ ತೋಚಿದ ಕಾಗುಣಿತದಲ್ಲಿ, ಪುಟಗಳು, ಬೆಲೆ, ಪ್ರತಿಗಳು, ಡೆಮಿ ಒಂದನೇ ಎಂಟು ಎಂಬ ಆಕಾರ, 70 ಜಿಎಸ್ಎಂ ಮ್ಯಾಪ್‌ಲಿಥೋ ಎಂಬ ಕಾಗದದ ವಿವರ. ಬರೆದವರು ಹುಟ್ಟಿದ ವರ್ಷ ಮಾತ್ರ ಇರುವುದಿಲ್ಲ, ಅನುವಾದವಾದರೆ ಮೂಲ ಕೃತಿಯ ಹೆಸರೂ ಎಷ್ಟೋ ಸಲ ಇರುವುದಿಲ್ಲ. ಆ ಸಾಲಿಗೆ ಲೇಖಕರ ಹೆಸರನ್ನು ಕನ್ನಡದಲ್ಲಿ, ಅವರು ಒಪ್ಪಿದರೆ ಹುಟ್ಟಿದ ವರ್ಷ, ಒಂದು ಐಎಸ್‌ಎನ್‌ಐ (ಲೇಖಕರನ್ನು ಗುರುತಿಸುವ ಅಂತಾರಾಷ್ಟ್ರೀಯ ಸಂಖ್ಯೆ) ಅಥವಾ ವಿಕಿಡೇಟಾ ಸಂಖ್ಯೆ ಸೇರಿಸಿದರೆ ಖರ್ಚು ಒಂದು ಪೈಸೆಯೂ ಹೆಚ್ಚಾಗದು. ಸರ್ಕಾರ ಸಗಟಿನಲ್ಲಿ ಪುಸ್ತಕ ಕೊಳ್ಳುವಾಗ ಹಾಕುವ ಷರತ್ತುಗಳಿಗೆ ಇದೊಂದನ್ನು ಸೇರಿಸಿದರೆ ಕೆಲವೇ ವರ್ಷಗಳಲ್ಲಿ ಹೊಸ ಪುಸ್ತಕಗಳ ಲೆಕ್ಕ ಸರಿಹೋದೀತು. ಕಾಗದದ ತೂಕವನ್ನು ಗ್ರಾಂ ಲೆಕ್ಕದಲ್ಲಿ ಅಚ್ಚು ಹಾಕುವ ನಮಗೆ, ಅದರ ಮೇಲೆ ಬರೆದವರು ಯಾರೆಂದು ಖಚಿತವಾಗಿ ಹೇಳುವುದು ಕಷ್ಟವಾಗಬಾರದು.